ನೀರಿಗೆ ದ್ರಾವಕ

೯ ಜನವರಿ ೧೯೬೧, ಸೋಮವಾರ

ಚಿಂತಾಮಣಿಗೆ ಬಂದು ಏಳು ತಿಂಗಳಾಯಿತು. ಈ ಹೆಣ್ಣುಮಕ್ಕಳ ಹೈಸ್ಕೂಲನ್ನು ನಡೆಸುವ ಕಮಿಟಿಯಲ್ಲಿ ಒಂಬತ್ತು ಜನ. ಅವರಲ್ಲಿ ಒಬ್ಬರೂ ಹೈಸ್ಕೂಲು ಮುಗಿಸಿದವರಲ್ಲ. ಅಧ್ಯಕ್ಷರಾದ ಮುನಿನಾರಾಯಣಪ್ಪನವರು ಕಡಲೆಕಾಯಿ ಮಂಡಿಯಲ್ಲಿ ಹೇಗೆ ಮಾತಾಡುತ್ತಾರೋ ಶಾಲೆಯಲ್ಲೂ ಹಾಗೆಯೇ, ಆಚೆ ಬೀದಿಗೆ ಕೇಳುವಂತೆ.

ಹೆಡ್ಮಾಸ್ಟರು ಹನುಮಂತರಾಯಪ್ಪನವರು ಕನ್ನಡ ಪಂಡಿತರು. ಅವರ ಮಟ್ಟಿಗೆ ವಿಜ್ಞಾನ ಎಂದರೆ ಬೀರುವಿನಲ್ಲಿಟ್ಟು ಬೀಗ ಹಾಕುವ ಸಾಮಾನು. ಬೀಗದಕೈ ಅವರ ಜನಿವಾರದಲ್ಲಿದೆ. ಹತ್ತನೇ ತರಗತಿಯ ಹುಡುಗಿಯರಿಗೆ ಪ್ರಯೋಗ ಮಾಡಿಸುತ್ತೇನೆ ಎಂದು ಇವತ್ತು ಮತ್ತೆ ಕೇಳಿದೆ.

"ಹೆಣ್ಣುಮಕ್ಕಳ ಕೈಗೆ ಆಸಿಡ್ ಕೊಡಬೇಡಿ ವರಲಕ್ಷ್ಮಮ್ಮನೋರೆ. ಒಂದು ತೊಟ್ಟು ಮುಖಕ್ಕೆ ಸಿಡಿದ್ರೆ ಆ ಹುಡುಗೀನ ಯಾರು ಮಾಡ್ಕೋತಾರೆ?"

ಇಡೀ ತಾಲ್ಲೂಕಿನಲ್ಲಿ ಬಿ.ಎಸ್ಸಿ. ಮಾಡಿದ ಹೆಂಗಸು ನಾನೊಬ್ಬಳೇ ಇರಬೇಕು. ಕುಳಿತಿರುವುದು ಇಂಥವರ ಮುಂದೆ. ಆದರೆ ಏಪ್ರಿಲ್‌ನಲ್ಲಿ ನನ್ನ ಕೆಲಸ ಕಾಯಂ ಮಾಡುವ ಮಾತಿದೆ. ಆಗದಿದ್ದರೆ ನಗರಗೆರೆಗೆ ವಾಪಸು ಹೋಗಿ ಅಣ್ಣನ ಮನೆಯಲ್ಲಿ ಇರಬೇಕು, ಅತ್ತಿಗೆ ಬಡಿಸಿದ್ದನ್ನು ತಿನ್ನಬೇಕು. ಅದಕ್ಕೆ ಸುಮ್ಮನೆ ನಕ್ಕು ಬಂದೆ.

ಇಪ್ಪತ್ತಾರನೇ ತಾರೀಖು ಗಣರಾಜ್ಯದ ದಿನ ಕೋಲಾರದಿಂದ ಅಧಿಕಾರಿಗಳು ಬರುತ್ತಾರಂತೆ. ಅವರಿಗೆ ಒಂದು ವಿಜ್ಞಾನ ಪ್ರದರ್ಶನ ಬೇಕಂತೆ. "ಅದೇ, ಕೆಂಪಗಿರೋದು ನೀಲಿ ಆಗುತ್ತಲ್ಲಮ್ಮ, ಅಂಥದ್ದು ನಾಲ್ಕು ಇಡಿ" ಎಂದರು ಅಧ್ಯಕ್ಷರು. ಜಾದೂ ಎಂದುಕೊಂಡಿದ್ದಾರೆ.

೧೩ ಜನವರಿ

ಪ್ರದರ್ಶನಕ್ಕೆಂದು ಬೀರು ತೆರೆಸಿದೆ. ಸಹಾಯಕ್ಕೆ ಲ್ಯಾಬ್ ಅಟೆಂಡರ್ ಕೊಡಿ ಎಂದರೆ ಹೆಡ್ಮಾಸ್ಟರು ಆಯಾಳನ್ನು ಕಳಿಸಿದರು. ಗಂಟೆ ಹೊಡೆಯುವ, ಅಂಗಳ ಗುಡಿಸುವ, ಹುಡುಗಿಯರಿಗೆ ಕುಡಿಯುವ ನೀರು ಸೇದಿಡುವ ಹೆಂಗಸು. ಹೆಸರು ಚಿಕ್ಕಮುನಿಯಮ್ಮ. ನಲವತ್ತರ ಆಸುಪಾಸು. ಮೊದಲು ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದಳಂತೆ. ಪರೀಕ್ಷಾನಳಿಗೆಗಳನ್ನು ಬೂದಿ ಹಾಕಿ ತಿಕ್ಕಿ ಎರಡನ್ನು ಒಡೆದಳು. ಗಂಧಕಾಮ್ಲದ ಜಾಡಿಯನ್ನು ತೋರಿಸಿ, "ಇದ್ಯಾವ ಎಣ್ಣೆ ಟೀಚರಮ್ಮ?" ಎಂದು ಕೇಳಿದಳು.

"ಎಣ್ಣೆಯಲ್ಲ, ಆಸಿಡ್."

"ಓ, ದ್ರಾವಕಾನಾ" ಎಂದು ತಾನೇ ನಾಮಕರಣ ಮಾಡಿ, ಜಾಡಿಯ ಸುತ್ತ ಒದ್ದೆ ಬಟ್ಟೆಯಿಂದ ಒರೆಸತೊಡಗಿದಳು. ಇಂಥವಳನ್ನು ಇಟ್ಟುಕೊಂಡು ನಾನು ರಸಾಯನಶಾಸ್ತ್ರ ತೋರಿಸಬೇಕು.

೧೮ ಜನವರಿ, ಬುಧವಾರ

ಇವತ್ತು ಆಯಾ ಒಂದು ಅನಾಹುತ ಮಾಡಿಟ್ಟಳು.

ಆಸಿಡ್ ಮತ್ತು ನೀರನ್ನು ಬೆರೆಸಿಡು ಎಂದು ಹೇಳಿ ನಾನು ಹೆಡ್ಮಾಸ್ಟರ ಕೋಣೆಗೆ ಹೋಗಿದ್ದೆ. ಎಷ್ಟು ಸರಳವಾದ ಕೆಲಸ. ಅವಳು ಗಾಜಿನ ಬೀಕರಿಗೆ ಮೊದಲು ಆಸಿಡ್ ಬಗ್ಗಿಸಿಕೊಂಡು ಅದರ ಮೇಲೆ ಚೊಂಬಿನಿಂದ ನೀರು ಸುರಿದಿದ್ದಾಳೆ. ಇದಕ್ಕಿಂತ ದಡ್ಡತನ ಉಂಟೆ? ನೀರು ಹಗುರ, ಆಸಿಡ್ಡಿನ ಮೇಲೆಯೇ ನಿಲ್ಲುತ್ತದೆ. ಎರಡೂ ಕೂಡುವ ಜಾಗದಲ್ಲಿ ಹುಟ್ಟುವ ಶಾಖಕ್ಕೆ ಆ ನೀರು ಕ್ಷಣದಲ್ಲಿ ಕುದಿದು, ಆಸಿಡ್ಡನ್ನೂ ಎತ್ತಿಕೊಂಡು ಹೊರಕ್ಕೆ ಸಿಡಿಯುತ್ತದೆ. ಅದೇ ತುಂಬ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಆಸಿಡ್ ಬಿಟ್ಟು ಕಲಕಿದರೆ ಅಷ್ಟೂ ಶಾಖವನ್ನು ನೀರು ನುಂಗಿಕೊಳ್ಳುತ್ತದೆ. ಇಂಟರ್‌ಮೀಡಿಯೇಟಿನ ಮೊದಲ ವಾರದಲ್ಲೇ ಹೇಳಿಕೊಡುವ ಸಂಗತಿ.

ಕಿರುಚಾಟ ಕೇಳಿ ಓಡಿಬಂದೆ. ಬಲಗೈ ಸುಟ್ಟುಕೊಂಡು "ಮಂಡುತೋಂದಿ, ಮಂಡುತೋಂದಿ" ಎಂದು, ಉರಿಯುತ್ತಿದೆ ಎಂದು, ತೆಲುಗಿನಲ್ಲಿ ಅರಚುತ್ತಿದ್ದಳು. ಬೀಕರು ಬಿರುಕು ಬಿಟ್ಟು ಮೇಜೆಲ್ಲ ಹೊಗೆ. ನಾನು ತಕ್ಷಣ ಪ್ರಥಮ ಚಿಕಿತ್ಸೆ ಮಾಡಿದೆ. ಅಷ್ಟರಲ್ಲಿ ಅವಳು ಕೈ ಕಿತ್ತುಕೊಂಡು ಓಡಿಹೋಗಿ ಅಂಗಳದ ನೀರಿನ ತೊಟ್ಟಿಯಲ್ಲಿ ಮೊಣಕೈವರೆಗೆ ಮುಳುಗಿಸಿ ಕುಳಿತಳು. ಹುಡುಗಿಯರು ಕುಡಿಯುವ ನೀರು ಅದು. ಎಳೆದರೂ ಬರಲಿಲ್ಲ. ಕೊನೆಗೆ ಎತ್ತಿನಗಾಡಿಯಲ್ಲಿ ಆಸ್ಪತ್ರೆಗೆ ಕಳಿಸಿದರು.

ನನ್ನ ಒಳ್ಳೆಯ ಸೀರೆಯ ಸೆರಗಿಗೆ ಮೂರು ತೂತು.

೧೯ ಜನವರಿ

ಪ್ರದರ್ಶನ ರದ್ದು. ಬೀರುವಿಗೆ ಎರಡು ಬೀಗ.

೨೨ ಜನವರಿ, ಭಾನುವಾರ

ಹೋಗದಿದ್ದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ ಎಂದು ಆಸ್ಪತ್ರೆಗೆ ಹೋಗಿಬಂದೆ. ಆಯಾಳ ಕೈಗೆ ದೊಡ್ಡ ಕಟ್ಟು. ಪಕ್ಕದಲ್ಲಿ ಅವಳ ಅಕ್ಕ ಕೊಂಡಮ್ಮ ಕುಳಿತಿದ್ದಳು. ನಾನು ಕಿತ್ತಳೆಹಣ್ಣು ಕೊಟ್ಟರೆ ತೆಗೆದುಕೊಂಡು ಮಂಚದ ಕೆಳಗಿಟ್ಟಳು. ಆಮೇಲೆ ಗೋಡೆಗೆ ಹೇಳುವಂತೆ, "ಓದಿದೋರು ದೂರ ನಿಂತ್ಕೋತಾರೆ, ಓದದೇ ಇರೋರ್ನ ಮುಂದೆ ಬಿಡ್ತಾರೆ" ಎಂದಳು. ಎಂಥ ಮರ್ಯಾದೆ!

ಡಾಕ್ಟರು ಇನ್ನೂ ಮೀಸೆ ಸರಿಯಾಗಿ ಬಾರದ ಯುವಕ. "ಇದರ ಮೇಲೆ ಪುಡಿ ಏನೋ ಹಾಕಿದಾರಲ್ಲ, ಯಾರು ಹಾಕಿದ್ದು?" ಎಂದು ನನ್ನನ್ನೇ ಕೇಳಿದ.

ವಾಷಿಂಗ್ ಸೋಡ ಎಂದೆ. ಆಮ್ಲಕ್ಕೆ ಕ್ಷಾರ ಬಿದ್ದರೆ ಎರಡೂ ಪರಸ್ಪರ ಶಮನವಾಗಿ ಲವಣ ಮತ್ತು ನೀರಾಗುತ್ತವೆ ಎಂದು ಅವನಿಗೆ ನಾನು ಪಾಠ ಮಾಡಬೇಕಾಯಿತು.

"ಆಗುತ್ತೆ ಮೇಡಂ. ಆಗೋವಾಗ ಮತ್ತೆ ಬಿಸಿ ಹುಟ್ಟುತ್ತೆ. ಪ್ರಯೋಗಾನ ಪಾತ್ರೆಯಲ್ಲಿ ಮಾಡ್ಬೇಕು, ಚರ್ಮದ ಮೇಲಲ್ಲ. ಈಕೆ ತೊಟ್ಟೀಲಿ ಕೈ ಇಟ್ಟುಕೊಂಡು ಕೂತಳಲ್ಲ, ಅದರಿಂದ ಬೆರಳು ಉಳಿದಿವೆ. ಹೆಬ್ಬೆರಳು ಮಾತ್ರ ಹೇಳೋಕಾಗಲ್ಲ."

ಇವನಿಗೆ ನನಗಿಂತ ನಾಲ್ಕು ವರ್ಷ ಕಡಮೆ ವಯಸ್ಸು.

ಸೋಡ ಬಿದ್ದಾಗ ನೊರೆಯೆದ್ದು ಅವಳು ಇನ್ನೂ ಜೋರಾಗಿ ಕೂಗಿದ್ದು ನಿಜ. ಅವತ್ತು ಬರೆಯುವಾಗ ಆ ವಿವರ ಮುಖ್ಯವೆನಿಸಿರಲಿಲ್ಲ.

೨೫ ಜನವರಿ

ಹೆಡ್ಮಾಸ್ಟರು ಕರೆದು ಒಂದು ಕಾಗದ ಮುಂದಿಟ್ಟರು. ನಾನು ಕೊಡಬೇಕಾದ ಹೇಳಿಕೆಯನ್ನು ಅವರೇ ಬರೆದಿದ್ದಾರೆ. "ಪದೇ ಪದೇ ಎಚ್ಚರಿಕೆ ಕೊಟ್ಟಿದ್ದಾಗ್ಯೂ ಸದರಿ ಆಯಾ ತನ್ನ ಸ್ವಂತ ನಿರ್ಲಕ್ಷ್ಯದಿಂದ ಅಮ್ಲವನ್ನು..."

"ಕಮಿಟಿಯೋರು ಮುಂದಿನ ತಿಂಗಳು ವಿಚಾರಣೆ ಮಾಡ್ತಾರೆ. ನೀವು ಇದಕ್ಕೊಂದು ಸಹಿ ಹಾಕಿಬಿಡಿ. ನಿಮ್ಮ ಕಾಯಂ ವಿಷಯಾನೂ ಅವತ್ತೇ ಬರುತ್ತೆ" ಎಂದರು.

ನಾನು ಓದಿ, "ಅಮ್ಲ ಅಲ್ಲ ಸಾರ್, ಆಮ್ಲ. ದೀರ್ಘ" ಎಂದೆ. ಕನ್ನಡ ಪಂಡಿತರ ಮುಖ ಕೆಂಪಗಾಯಿತು. ಇಂಥ ತಪ್ಪಿರುವ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ, ಸರಿಯಾಗಿ ಬರೆಸಿ ಕೊಡಿ ಎಂದು ಹೇಳಿ ಬಂದೆ.

ಮನೆಗೆ ಬಂದು ಯೋಚಿಸಿದೆ. ಅವರು ತಿದ್ದಿಸಿ ಕೊಟ್ಟರೆ ಇನ್ನೇನು ತಪ್ಪು ಹುಡುಕುವುದು? "ಸದರಿ" ಎಂಬ ಪದವೂ ನನಗೆ ಹಿಡಿಸುವುದಿಲ್ಲ.

೩ ಫೆಬ್ರವರಿ, ಶುಕ್ರವಾರ

ಹತ್ತನೇ ತರಗತಿಯ ಆಂಜಿನಮ್ಮ ಎಂಬ ಹುಡುಗಿ ಎದ್ದು ನಿಂತು ಕೇಳಿದಳು. "ಮಿಸ್, ಆಸಿಡ್ಗೆ ನೀರು ಹಾಕಬಾರ್ದು ಅಂತ ನಮ್ಮ ಪುಸ್ತಕದಲ್ಲಿ ಎಲ್ಲೈತೆ?"

ಯಾವಾಗಲೂ ಹೀಗೇ ಅಧಿಕಪ್ರಸಂಗ. ನಲವತ್ತೊಂದನೇ ಪುಟ ತೆಗೆಸಿದೆ. ಚಿತ್ರದ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಒಂದು ಸಾಲು ಇದೆ. ಹುಡುಗಿಯರೆಲ್ಲ ಬಗ್ಗಿ ಓದಿದರು.

"ಇದನ್ನ ನೀವು ಮಾಡೇ ಇಲ್ಲ ಮಿಸ್. ಪರೀಕ್ಷೆಗೆ ಬರಲ್ಲ, ಬಿಡಿ ಅಂದ್ರಿ."

ಕೂತ್ಕೋ ಎಂದು ಗದರಿದೆ. ಕುಳಿತಳು. ಪೀರಿಯಡ್ ಮುಗಿಯುವವರೆಗೆ ಬೋರ್ಡಿನ ಕಡೆಗೇ ತಿರುಗಿಕೊಂಡು ಬರೆದೆ.

ಹದಿನೆಂಟನೇ ತಾರೀಖು ನಾನು ಆಡಿದ ಮಾತು ಏನೆಂದು ಸರಿಯಾಗಿ ನೆನಪು ಮಾಡಿಕೊಂಡು ಇಲ್ಲಿ ಬರೆದಿಡುತ್ತೇನೆ. ನನಗೆ ನಿಖರತೆ ಬೇಕು, ಅಷ್ಟೇ. ಬೀಕರಿನ ಗೀಟು ತೋರಿಸಿ, "ಇಲ್ಲೀತನಕ ಇದನ್ನು ಹಾಕು, ಮೇಲೆ ನೀರು ಹಾಕಿ ತುಂಬಿಸಿಡು" ಎಂದೆ. ಬೆರೆಸಿಡು ಎಂದದ್ದಲ್ಲ. ಮೇಲೆ ನೀರು ಹಾಕು ಎಂದದ್ದು. ಅವಳು "ಆಯ್ತು ಟೀಚರಮ್ಮ" ಎಂದಳು. ನಾನು ಹೆಡ್ಮಾಸ್ಟರ ಕೋಣೆಗೆ ಹೋದದ್ದು ಕೆಲಸಕ್ಕಲ್ಲ. ಅಲ್ಲಿ ಕಾಫಿ ತರಿಸಿದ್ದರು.

ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವ ಆಯಾ ಇನ್ನೆಲ್ಲಿ ಸಿಗುತ್ತಾಳೆ?

೬ ಫೆಬ್ರವರಿ

ತಲೆನೋವು. ರಜ ಹಾಕಿದೆ.

೧೧ ಫೆಬ್ರವರಿ, ಶನಿವಾರ

ಆಸ್ಪತ್ರೆಯಿಂದ ಬಿಟ್ಟರಂತೆ. ಬೆಳಗಿನ ಶಾಲೆ ಮುಗಿಸಿಕೊಂಡು ಚಿಕ್ಕಮುನಿಯಮ್ಮನ ಮನೆ ಹುಡುಕಿಕೊಂಡು ಹೋದೆ. ಯಾಕೆ ಹೋದೆ ಎಂದು ಯಾರೂ ಕೇಳುವ ಹಾಗಿಲ್ಲ, ನನ್ನ ಶನಿವಾರ ನನ್ನದು. ಕೆರೆಯ ಕಡೆ ಒಂದು ಓಣಿ. ಚರಂಡಿ ದಾಟಿ ದಾಟಿ ಸಾಕಾಯಿತು.

ಮನೆ ಮುಂದೆ ಕೊಂಡಮ್ಮ ಹಬ್ಬಕ್ಕೆ ಗೋಡೆ ಬಳಿಯಲು ಸುಣ್ಣ ಅರಳಿಸುತ್ತಿದ್ದಳು. ಹಳೆಯ ಡಬ್ಬದಲ್ಲಿ ಸುಣ್ಣದ ಕಲ್ಲು ಕೊತಕೊತ ಕುದಿಯುತ್ತಿತ್ತು, ಕೆಳಗೆ ಬೆಂಕಿ ಇಲ್ಲ. ನನ್ನನ್ನು ನೋಡಿ ಎದ್ದು ಒಳಗೆ ಹೋದಳು. ಚಿಕ್ಕಮುನಿಯಮ್ಮ ಜಗಲಿಯ ಮೇಲೆ ಕುಳಿತು ಎಡಗೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಕುತ್ಕಳಿ ಟೀಚರಮ್ಮ. ನೆಲ ಒರಟು, ಸೀರೆ ನೋಡ್ಕಳಿ."

ಕುಳಿತೆ. ನೋವಿದೆಯೇ ಎಂದು ಕೇಳಿದೆ. ನೋವಿಲ್ಲದೆ ಇರುತ್ತದೆಯೇ? ನನ್ನ ಪ್ರಶ್ನೆಯೂ ಹೆಡ್ಮಾಸ್ಟರ ಮಟ್ಟಕ್ಕಿಳಿದಿದೆ.

ಅವಳು ಡಬ್ಬದ ಕಡೆ ಗಲ್ಲ ಎತ್ತಿ ತೋರಿಸಿದಳು. "ಅದನ್ನ ನೋಡಿ ಎಷ್ಟು ವರ್ಷದಿಂದ ಮಾಡ್ತಿದೀನಿ. ಒಣಗಿದ ಸುಣ್ಣದ ಕಲ್ಲಿಗೆ ಒಂದು ಬೊಗಸೆ ನೀರು ಚಿಮುಕಿಸಿದ್ರೆ ಸಿಡಿದು ಕಣ್ಣಿಗೇ ಬರ್ತದೆ. ತುಂಬಿದ ನೀರಿಗೆ ಕಲ್ಲು ಬಿಟ್ರೆ ಕುದ್ದು ಕುದ್ದು ಸುಮ್ಮನಾಗ್ತದೆ. ನಿಮ್ಮ ದ್ರಾವಕಾನೂ ಹಂಗೇ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು ಕಣಮ್ಮ. ಅದು ನೋಡಕ್ಕೆ ಎಣ್ಣೆ ಇದ್ದಂಗಿತ್ತು. ಸುಣ್ಣದ ಬುದ್ಧಿ ಇರ್ತದೆ ಅಂತ ನಂಗೇನು ಗೊತ್ತು?"

ಸುಣ್ಣ ಕ್ಷಾರ, ಗಂಧಕಾಮ್ಲ ಆಮ್ಲ, ಎರಡೂ ಒಂದಕ್ಕೊಂದು ವಿರುದ್ಧ ಗುಣದವು ಎಂದು ಹೇಳಲು ಹೊರಟೆ. ಆದರೆ ನೀರಿನ ಜೊತೆ ಎರಡೂ ಒಂದೇ ರೀತಿ ಸಿಟ್ಟಾಗುತ್ತವೆ ಎಂಬುದು ನಿಜ. ನನಗೆ ನಾಲ್ಕು ವರ್ಷ ಕಾಲೇಜಿನಲ್ಲಿ ಯಾರೂ ಅವೆರಡನ್ನು ಹೀಗೆ ಪಕ್ಕಪಕ್ಕ ಇಟ್ಟು ತೋರಿಸಿರಲಿಲ್ಲ. ನಮ್ಮ ಪ್ರೊಫೆಸರುಗಳೂ ಅಷ್ಟರಲ್ಲೇ ಇದ್ದರು.

"ನಾನು ಮೇಲೆ ನೀರು ಹಾಕು ಅಂದಿದ್ದೆ, ನೆನಪಿದೆಯಾ?" ಎಂದು ಕೇಳಿದೆ.

ಅವಳು ಅವರೆಕಾಯಿಯಿಂದ ತಲೆ ಎತ್ತಲಿಲ್ಲ. "ನೆನಪಿಲ್ದೆ ಏನು?" ಎಂದಳು.

೧೮ ಫೆಬ್ರವರಿ, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕಮಿಟಿ ಹತ್ತು ಗಂಟೆಗೆ ಎಂದು ಹೇಳಿ ಹನ್ನೊಂದೂವರೆಗೆ ಸೇರಿತು. ಒಂಬತ್ತು ಸದಸ್ಯರಲ್ಲಿ ಬಂದವರು ಐದು ಜನ. ವೆಂಕಟರವಣಪ್ಪ ಎಂಬ ಸದಸ್ಯರು ಬಂದ ಐದು ನಿಮಿಷಕ್ಕೆ ತೂಕಡಿಸತೊಡಗಿದರು. ಚಿಕ್ಕಮುನಿಯಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಕಟ್ಟು ಬಿಚ್ಚಿದ್ದರು. ಕೈ ನೋಡುವ ಹಾಗಿರಲಿಲ್ಲ, ನಾನು ನೋಡಲಿಲ್ಲ.

"ಏನಮ್ಮ, ಹೇಗಾಯ್ತು ಹೇಳು" ಎಂದರು ಮುನಿನಾರಾಯಣಪ್ಪನವರು.

ಅವಳು ಒಂದೇ ಉಸಿರಿಗೆ ಒಪ್ಪಿಸಿದಳು. "ಟೀಚರಮ್ಮೋರು ಮೊದಲೇ ಹೇಳಿದ್ರು ಬುದ್ಧಿ. ನೀರಿಗೆ ದ್ರಾವಕ ಹಾಕು, ದ್ರಾವಕಕ್ಕೆ ನೀರು ಹಾಕಬೇಡ ಅಂತ ಎರಡು ಸಲ ಹೇಳಿದ್ರು. ನಾನೇ ಮರ್ತೆ. ನಂದೇ ತಪ್ಪು."

ಯಾರೋ ಬಾಯಿಪಾಠ ಮಾಡಿಸಿದ್ದಾರೆಂದು ತಿಳಿಯಲು ಬಿ.ಎಸ್ಸಿ. ಬೇಕಿಲ್ಲ. ಹೆಡ್ಮಾಸ್ಟರು ಛಾವಣಿ ನೋಡುತ್ತಿದ್ದರು. ಹೀಗೆ ಹೇಳಿದರೆ ಅಂಗಳ ಗುಡಿಸುವ ಕೆಲಸವಾದರೂ ಉಳಿಸುತ್ತೇವೆ ಎಂದಿರಬೇಕು. ಅಧ್ಯಕ್ಷರು ತಲೆಯಾಡಿಸಿದರು. "ಸರಿ ಬಿಡಿ, ಒಪ್ಕೊಂಡ್ಳಲ್ಲ. ಎಚ್ಚರಿಕೆ ಕೊಟ್ಟು ಇಟ್ಕೊಳ್ಳೋಣ. ಟೀಚರದ್ದೇನೂ ತಪ್ಪಿಲ್ಲ. ಅವರ ಕಾಯಂ ವಿಷಯ ತಗೊಳ್ಳೋಣ."

ಅಷ್ಟೇ. ಎಲ್ಲ ಮುಗಿದಿತ್ತು. ಅವಳಿಗೆ ಕೆಲಸ, ನನಗೆ ಕಾಯಂ. ನಾನು ಬಾಯಿ ಮುಚ್ಚಿಕೊಂಡು ಕುಳಿತಿದ್ದರೆ ಸಾಕಾಗಿತ್ತು, ಕುಳಿತೇ ಇದ್ದೆ.

ಹೆಡ್ಮಾಸ್ಟರು ರಿಜಿಸ್ಟರಿನಲ್ಲಿ "ಸ್ವಂತ ನಿರ್ಲಕ್ಷ್ಯ" ಎಂದು ಬರೆದು, ಮಸಿ ಹಾಕಿದ ಬಟ್ಟೆ ಮುಂದಿಟ್ಟು, ಬಲಗೈ ಹೆಬ್ಬೆಟ್ಟು ಒತ್ತು ಎಂದರು. ಅವಳು ಒತ್ತಿದಳು. ಕಾಗದದ ಮೇಲೆ ಒಂದು ಕಪ್ಪು ಮಚ್ಚೆ ಬಿತ್ತು, ಗೆರೆಗಳೇ ಇಲ್ಲ. ಹೆಡ್ಮಾಸ್ಟರು ಅವಳ ಬೆರಳು ಹಿಡಿದು ಇನ್ನೊಮ್ಮೆ ಒತ್ತಿಸಿದರು. ಮತ್ತೆ ಮಚ್ಚೆ. ಅವಳ ಬಾಯಿಂದ "ಹಾ" ಎಂದು ಉಸಿರು ಬಂತು. ಹೆಡ್ಮಾಸ್ಟರು ಬೇಸರದಿಂದ, "ಥೂ, ಇದರಲ್ಲಿ ಗುರುತೇ ಇಲ್ಲ. ಎಡಗೈ ಕೊಡು" ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಹೆಂಗಸಿನ ಮೇಲೆಯೇ ಬಂತು. ಸುಳ್ಳು ಹೇಳಲು ಬಾರದವಳು ಯಾಕೆ ಹೇಳಬೇಕು?

"ಇವಳು ಸುಳ್ಳು ಹೇಳ್ತಿದ್ದಾಳೆ" ಎಂದು ಎದ್ದು ನಿಂತೆ. ವೆಂಕಟರವಣಪ್ಪನವರಿಗೆ ಎಚ್ಚರವಾಯಿತು. "ನಾನು ಎರಡು ಸಲ ಹೇಳಲಿಲ್ಲ, ಒಂದು ಸಲವೂ ಹೇಳಲಿಲ್ಲ. ಆಸಿಡ್ ಹಾಕಿ ಮೇಲೆ ನೀರು ಹಾಕು ಅಂದೆ. ಅವಳು ಅದನ್ನೇ ಮಾಡಿದಳು. ಸುಟ್ಟ ಮೇಲೆ ಸೋಡ ಸುರಿದು ಇನ್ನಷ್ಟು ಸುಟ್ಟವಳೂ ನಾನೇ. ನೀರಿನ ತೊಟ್ಟಿಗೆ ತಾನಾಗಿ ಓಡಿದ್ದರಿಂದ ಅವಳ ಬೆರಳು ಉಳಿದಿವೆ. ಅವತ್ತು ಆ ಕೋಣೆಯಲ್ಲಿ ಬುದ್ಧಿ ಇದ್ದದ್ದು ಒಬ್ಬಳಿಗೇ. ಅದನ್ನು ಬರೆದುಕೊಳ್ಳಿ. ಬರೆಯುವಾಗ ಆಮ್ಲಕ್ಕೆ ದೀರ್ಘ ಕೊಡಿ."

ಮುನಿನಾರಾಯಣಪ್ಪನವರು ಮೊದಲ ಸಲ ಮೆಲುದನಿಯಲ್ಲಿ, "ಯಾಕಮ್ಮ ಹಿಂಗೆ ಮಾಡ್ಕೊಂಡ್ರಿ" ಎಂದರು.

ರಿಜಿಸ್ಟರಿನ ಆ ಪುಟ ಹೊಡೆದುಹಾಕಿದರು. ಅವಳ ಕೆಲಸ ಇದ್ದಂತೆಯೇ ಇರುತ್ತದೆ. ನನ್ನದು ಮಾರ್ಚ್ ಕೊನೆಗೆ ಮುಗಿಯುತ್ತದೆ.

೨೦ ಫೆಬ್ರವರಿ

ಥ್ಯಾಂಕ್ಸ್ ಹೇಳಲು ಬರುತ್ತಾಳೆ ಎಂದುಕೊಂಡಿದ್ದೆ ಎಂದು ಬರೆದರೆ ಅದು ಸುಳ್ಳಾಗುವುದಿಲ್ಲ. ಬಂದಳು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಜಗಳ ತೆಗೆದಳು.

"ಎಲ್ರ ಮುಂದೆ ನನ್ನ ಸುಳ್ಳಿ ಅಂದ್ಬಿಟ್ರಲ್ಲ ಟೀಚರಮ್ಮ. ಇಪ್ಪತ್ತು ವರ್ಷದಿಂದ ಈ ಊರಲ್ಲಿದೀನಿ, ಯಾರೂ ಅಂದಿರ್ಲಿಲ್ಲ."

"ಹೇಳಿದ್ದು ಸುಳ್ಳೇ ತಾನೆ?"

"ನನ್ನ ಕೆಲಸ ಉಳೀಲಿ ಅಂತ ಹೇಳ್ದೆ. ನಿಮ್ದೂ ಉಳೀತಿತ್ತು. ಈಗ ನೀವು ಎಲ್ಲಿಗೋಗ್ತೀರಾ?"

ಗೌರಿಬಿದನೂರಿನಲ್ಲಿ ಒಂದು ಮಿಡಲ್ ಸ್ಕೂಲಿಗೆ ಅರ್ಜಿ ಹಾಕಿದ್ದೇನೆ ಎಂದೆ. ಅಲ್ಲೂ ಇಂಥದೇ ಕಮಿಟಿ ಇರುತ್ತದೆ, ಸಿಕ್ಕುವ ಭರವಸೆಯಿಲ್ಲ. ಅಣ್ಣನಿಗೂ ಕಾಗದ ಬರೆಯಬೇಕು.

ಅವಳು "ಊಟ ಆಯ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗಂಟೆ ಹೊಡೆಯಲು ಹೋದಳು. ಎಡಗೈಯಲ್ಲಿ ಹೊಡೆದದ್ದು. ಸದ್ದು ಸಣ್ಣದಾಗಿತ್ತು.

೮ ಮಾರ್ಚ್

ಹೆಡ್ಮಾಸ್ಟರ ಹತ್ತಿರ ಬೀರುವಿನ ಎರಡೂ ಬೀಗದಕೈ ಕೇಳಿದೆ. ಕೊಡುವುದಿಲ್ಲ ಎಂದರು. ಸ್ಟೂಲು ಎಳೆದುಕೊಂಡು ಅವರ ಎದುರಿಗೆ ಕುಳಿತೆ. ಎರಡು ಪೀರಿಯಡ್ ಕುಳಿತಿದ್ದೆ. ಕೊನೆಗೆ ಜನಿವಾರದಿಂದ ಬಿಚ್ಚಿ ಕೊಟ್ಟರು. ಕೆಲಸ ಹೋದವಳಿಗೆ ಎಷ್ಟು ಅನುಕೂಲಗಳಿವೆ!

೧೧ ಮಾರ್ಚ್, ಶನಿವಾರ

ಹತ್ತೊಂಬತ್ತು ಹುಡುಗಿಯರನ್ನು ಅಂಗಳದ ಹೊಂಗೆಮರದ ಕೆಳಗೆ ನಿಲ್ಲಿಸಿದೆ. ಪಕ್ಕದಲ್ಲಿ ಎರಡು ತೊಟ್ಟಿ ತುಂಬ ನೀರು ಇಡಿಸಿದ್ದೆ. ಪ್ರಯೋಗ ನಾನೇ ಮಾಡುವವಳಿದ್ದೆ. ಚಿಕ್ಕಮುನಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, "ನಾನು ಮಾಡ್ತೀನಿ" ಎಂದರು. ಕೈ ಹೀಗಿರುವಾಗ ಬೇಡ ಎಂದೆ. "ಹಿಂಗಿರೋದಕ್ಕೇ" ಎಂದರು.

ದೊಡ್ಡ ಬೀಕರಿನಲ್ಲಿ ಮುಕ್ಕಾಲು ಭಾಗ ನೀರು. ಆಕೆ ಎಡಗೈಯಲ್ಲಿ ಆಸಿಡ್ಡಿನ ಸಣ್ಣ ಲೋಟ ಹಿಡಿದು ಬೀಕರಿನ ಅಂಚಿಗೆ ತಾಗಿಸಿ ಎಳೆಯಾಗಿ ಬಿಟ್ಟರು. ರೇಷ್ಮೆನೂಲು ಎಳೆದ ಕೈ, ಅಲ್ಲಾಡಲಿಲ್ಲ. ಆಂಜಿನಮ್ಮ ಗಾಜಿನ ಕಡ್ಡಿಯಿಂದ ಕಲಕುತ್ತಿದ್ದಳು. ಆಕೆ ನಿಲ್ಲಿಸಿದರು, ಕಾದರು, ಮತ್ತೆ ಬಿಟ್ಟರು. ಹುಡುಗಿಯರು ಒಬ್ಬೊಬ್ಬರಾಗಿ ಬೀಕರನ್ನು ಹೊರಗಿನಿಂದ ಮುಟ್ಟಿ ನೋಡಿದರು. ಬೆಚ್ಚಗಾಗಿತ್ತು, ಅಷ್ಟೇ.

"ನೋಡ್ರಮ್ಮ, ಇದಕ್ಕೆ ಬಾಳಾ ಬಾಯಾರಿಕೆ" ಎಂದು ಹೇಳತೊಡಗಿದರು ಚಿಕ್ಕಮುನಿಯಮ್ಮ. "ಒಂದು ಗುಟುಕು ಕೊಟ್ರೆ ರೇಗ್ತದೆ. ಕೆರೇಗೇ ಬಿಟ್ರೆ ಕುಡ್ಕೊಂಡು ತಣ್ಣಗಿರ್ತದೆ. ಸುಣ್ಣಾನೂ ಹಂಗೇಯ. ಅವೆರಡೂ ಅಕ್ಕತಂಗೀರು, ಒಬ್ಬರನ್ನೊಬ್ಬರು ಕಂಡ್ರಾಗಲ್ಲ." ಬಲಗೈ ಎತ್ತಿ ತೋರಿಸಿದರು. "ಇದು ಮೇಲೆ ನೀರು ಹಾಕಿದ್ದಕ್ಕೆ."

ಹುಡುಗಿಯರು ಉಸಿರು ಬಿಗಿಹಿಡಿದು ನೋಡಿದರು. ಆಕೆಯ ವಿವರಣೆಯಲ್ಲಿ ಕಡಮೆಯೆಂದರೂ ಮೂರು ತಪ್ಪಿದ್ದವು. ಆಸಿಡ್ಡಿಗೆ ಬಾಯಾರಿಕೆ ಇರುವುದಿಲ್ಲ. ತಿದ್ದೋಣ ಎಂದು ಒಂದು ಹೆಜ್ಜೆ ಮುಂದೆ ಬಂದವಳು ಅಲ್ಲೇ ನಿಂತೆ. ಹತ್ತೊಂಬತ್ತು ಜನರಲ್ಲಿ ಒಬ್ಬಳೂ ನನ್ನ ಕಡೆ ನೋಡುತ್ತಿರಲಿಲ್ಲ. ನನ್ನ ಪಾಠಕ್ಕೆ ಇವರು ಹೀಗೆ ಒಂದು ದಿನವೂ ನಿಂತವರಲ್ಲ, ಕೃತಘ್ನರು.

ಆಮೇಲೆ ಹುಡುಗಿಯರೇ ಸರದಿಯಲ್ಲಿ ಮಾಡಿದರು. ಒಂದು ತೊಟ್ಟೂ ಸಿಡಿಯಲಿಲ್ಲ. ಕಿಟಕಿಯಿಂದ ನೋಡುತ್ತಿದ್ದ ಹೆಡ್ಮಾಸ್ಟರು ಕೊನೆಗೆ ಕಿಟಕಿ ಮುಚ್ಚಿದರು.

ಎಲ್ಲರೂ ಹೋದ ಮೇಲೆ ಗಾಜುಗಳನ್ನು ಇಬ್ಬರೂ ತೊಳೆದೆವು. ನಾನು ತೊಳೆದೆ, ಆಕೆ ಒರೆಸಿದರು. ಬೂದಿ ಹಾಕಬೇಡಿ ಎಂದೆ. ಹಾಕಲಿಲ್ಲ.

"ಜೂನ್ನಾಗೆ ಹೊಸ ಟೀಚರು ಬರ್ತಾರಂತೆ. ಅವರಿಗೂ ನಾನೇ ಇದನ್ನ ಹೇಳ್ಕೊಡ್ಬೇಕಾ?" ಎಂದು ಕೇಳಿದರು.

"ಹೇಳಿಕೊಡಿ, ಅವರಿಗೂ ಗೊತ್ತಿರುವುದಿಲ್ಲ" ಎಂದೆ.